ಮೃತರೂ ಹಾಜರಿದ್ದ ಮಹಜರು

ಸತ್ತ ಮನುಷ್ಯನನ್ನು ನಾನು ಬದುಕಿಸಿದ್ದೇನೆ. ಮದ್ದು ಕೊಟ್ಟಲ್ಲ, ಮಂತ್ರ ಹಾಕಿಯೂ ಅಲ್ಲ. ಎರಡೇ ಎರಡು ಪದಗಳ ಅರ್ಥ ಹೇಳಿ. ಎರಡನೆಯ ಪದ ಮುಗಿಯುವಷ್ಟರಲ್ಲಿ ಮೃತರು ತಾವೇ ಮೆಟ್ಟಿಲು ಹತ್ತಿ ಬಂದು, ನನ್ನ ಪಕ್ಕದಲ್ಲಿ ನಿಂತು, ತಮ್ಮ ಸಾವಿನ ಕಾಗದಕ್ಕೆ ತಾವೇ ದುಂಡಗೆ ಸಹಿ ಹಾಕಿದರು. ನಂಬುವುದಿಲ್ಲವೆ? ಬೇಸರವಿಲ್ಲ. ನಮ್ಮ ಕಟ್ಟಡದ ಕಾಂಪೌಂಡರ್ ಕಣ್ಣಾರೆ ಕಂಡವರು. ಅವರೇ ಇನ್ನೂ ನಂಬಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹಗಲಿನಲ್ಲಿ ನಾನು ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ತೂಗುವವನು. ಉಳಿದ ಹೊತ್ತಿನಲ್ಲಿ ಪದ ತೂಗುವವನು. ಯಾವ ಪದವನ್ನೇ ಮುಂದಿಡಿ, ಅದು ಯಾವ ಭಾಷೆಯ ಹೊಟ್ಟೆಯಲ್ಲಿ ಹುಟ್ಟಿತು, ಯಾರ ಹೆಗಲೇರಿ ನಮ್ಮಲ್ಲಿಗೆ ಬಂತು, ದಾರಿಯಲ್ಲಿ ಯಾವ ಅಕ್ಷರ ಉದುರಿಸಿಕೊಂಡಿತು, ಎಲ್ಲ ಹೇಳುತ್ತೇನೆ. ಅದಕ್ಕೇ ಕಟ್ಟಡದವರೆಲ್ಲ ನನ್ನನ್ನು ‘ನಿಘಂಟು’ ಎಂದು ಕರೆಯುವುದು. ಕೆಲವರು ಗೌರವದಿಂದ ಕರೆಯುತ್ತಾರೆ. ನನ್ನ ಹೆಂಡತಿ ಕರೆಯುವಾಗ ಅದರಲ್ಲಿ ಗೌರವ ಎಷ್ಟಿದೆ ಎಂದು ನಾನು ತೂಗಲು ಹೋಗಿಲ್ಲ.

ಒಮ್ಮೆ ಕಾಂಪೌಂಡರ್ ಸವಾಲು ಹಾಕಿದರು: “ಎಲ್ಲಿ, ‘ಔಷಧ’ ಅನ್ನೋ ಪದ ಎಲ್ಲಿಂದ ಬಂತು ಹೇಳಿ ನೋಡೋಣ.”

“ಔಷಧ ಯಾರಿಗೆ ಬೇಕು ಸ್ವಾಮಿ? ಮುಖ್ಯವಾದದ್ದು ‘ಪಥ್ಯ’!” ಎಂದೆ. ‘ಪಥ’ ಎಂದರೆ ದಾರಿ, ದಾರಿಗೆ ಹಿತವಾದದ್ದು ಪಥ್ಯ ಎಂದು ಶುರು ಮಾಡಿದವನು ಅವರ ಔಷಧದ ಬಾಟಲಿ ಕೈಜಾರುವವರೆಗೆ ಬಿಡಲಿಲ್ಲ. ಕೆಳಗಿನ ಮನೆಯ ಟೀಚರಮ್ಮ ‘ಶಾಲೆ’ ಎಂದರೆ ಏನೆಂದು ಕೇಳಿದಾಗ, “ಗೋಡೆಯ ವಿಷಯ ಬಿಡಿ, ಒಳಗೆ ನಡೆಯುವ ‘ಪಾಠ’ ನೋಡೋಣ” ಎಂದು ಸಂಜೆಯವರೆಗೆ ಹೇಳಿದೆ. ಪಂಡಿತನಾದವನು ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದು; ಕೇಳಬೇಕಾಗಿದ್ದ ಪ್ರಶ್ನೆಗೆ ಕೊಡಬೇಕು.

ಇನ್ನು ಸತ್ತವರ ವಿಷಯ. ನಮ್ಮ ಕಟ್ಟಡದ ತುತ್ತತುದಿಯ ಒಂಟಿ ಕೋಣೆಯಲ್ಲಿ ಟೈಲರಜ್ಜ ಇದ್ದರು. ಎದೆ ಮುಚ್ಚುವ ಗಡ್ಡ. ಗಡ್ಡದಲ್ಲಿ ಸದಾ ಒಂದೆರಡು ನೂಲಿನ ತುಂಡು, ಆಗೀಗ ಗುಂಡುಸೂಜಿ. ಬಾಯಲ್ಲಿ ಹಲ್ಲಿಲ್ಲ. ದಾರ ಕಚ್ಚಿ ಹರಿಯಲಾಗದೆ ಕತ್ತರಿ ಹುಡುಕುತ್ತ ಅರ್ಧ ದಿನ ಕಳೆಯುವ ಮನುಷ್ಯ. ಮಾತು ಕಡಿಮೆ. ಕೆಲಸ ಮಾತ್ರ ಎಂಥದೆಂದರೆ, ಅವರು ಹೊಲಿದ ಅಂಗಿ ಹಾಕಿಕೊಂಡರೆ ಕತ್ತೆಯೂ ಮ್ಯಾನೇಜರನಂತೆ ಕಾಣುತ್ತದೆ. ನಮ್ಮ ಆಫೀಸಿನ ಮ್ಯಾನೇಜರ್ ಅವರ ಬಳಿಯೇ ಹೊಲಿಸುವುದು.

ಈ ಟೈಲರಜ್ಜನ ಕೋಣೆಯ ಮೇಲೆ ಓನರಮ್ಮನ ಕಣ್ಣು. ಕಟ್ಟಡದ ಒಡತಿಗೆ ಒಬ್ಬ ಸೋದರಳಿಯ ಇದ್ದ, ಅಣ್ಣನ ಮಗ. ಆಳೆತ್ತರ ಬೆಳೆದು ತಲೆ ನೆರೆಯಲು ಶುರುವಾಗಿದ್ದರೂ ಎಲ್ಲೂ ನೆಲೆ ನಿಂತಿರಲಿಲ್ಲ. ಅವನನ್ನು ಆ ಕೋಣೆಗೆ ತುಂಬಬೇಕೆಂದು ಓನರಮ್ಮನ ಆಸೆ. ಆದರೆ ಓನರಮ್ಮನ ಮಾವ, ಕಟ್ಟಡ ಕಟ್ಟಿಸಿದ ಹಿರಿಯರು, ತಮ್ಮ ಕಾಲದಲ್ಲಿ ಟೈಲರಜ್ಜನಿಗೆ ಮಾತು ಕೊಟ್ಟಿದ್ದರು: “ನೀನು ಇರೋ ತನಕ ಈ ಕೋಣೆ ನಿಂದು.” ಊರೆಲ್ಲ ಕೇಳಿದ್ದ ಮಾತು, ಮುರಿಯುವಂತಿಲ್ಲ. ಹೀಗಾಗಿ ಓನರಮ್ಮ ಪ್ರತಿದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು, “ಅಜ್ಜಾ, ಹೇಗಿದ್ದೀರಾ?” ಎಂದು ಕೂಗುತ್ತಿದ್ದರು. “ಚೆನ್ನಾಗಿದ್ದೀನಮ್ಮ” ಎಂಬ ಉತ್ತರ ಬಂದೊಡನೆ ಅವರ ಮುಖ ಬಾಡುತ್ತಿತ್ತು.

ಒಂದು ದಿನ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅದೇ ದಿನ ಸಂಜೆ ನೌಕರರ ಸಂಘದಲ್ಲಿ ನನ್ನ ಭಾಷಣ. ವಿಷಯ: ‘ಪದಗಳ ಹುಟ್ಟು’. ಜಗತ್ತೇ ಕಾಯುತ್ತಿದ್ದ ಭಾಷಣ. ಸಂಘದ ಕಾರ್ಯದರ್ಶಿಯಂತೂ ಯಾವಾಗ ಮುಗಿಯುತ್ತದೆ ಎಂದು ಮುಂಚೆಯೇ ಕೇಳಿದ್ದರು. ನನ್ನ ಒಂದೇ ಒಂದು ಕೋಟನ್ನು ಸ್ವಲ್ಪ ಸಡಿಲ ಮಾಡಲು ಟೈಲರಜ್ಜನಿಗೆ ಕೊಟ್ಟಿದ್ದೆ.

“ರೀ, ಮೊದಲು ಹೋಗಿ ಕೋಟು ತನ್ನಿ. ಪದಗಳ ಹುಟ್ಟು ಹೇಳೋಕೆ ಹೋಗಿ ಬನಿಯನ್ನಲ್ಲಿ ನಿಂತ್ಕೋಬೇಡಿ” ಎಂದಳು ಹೆಂಡತಿ.

ಹತ್ತಿ ಹೋದೆ. ಬಾಗಿಲು ಬಡಿದೆ. ಸದ್ದಿಲ್ಲ. ಆಮೇಲೆ ಏನಾಯಿತೆಂದರೆ, ಯಾರೋ ಒಬ್ಬರು ಕೀಲಿಕಿಂಡಿಗೆ ಕಣ್ಣಿಟ್ಟು ನೋಡಿದರು. ಯಾರೆಂದು ಈಗ ಕೇಳಬೇಡಿ, ಕಥೆಗೆ ಅದು ಮುಖ್ಯವಲ್ಲ. ಒಳಗೆ ಅರೆಗತ್ತಲು. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಹೊದಿಕೆ ಎಳೆದು ಅಂಗಾತ ಮಲಗಿದ ಆಕೃತಿ. ಅಲುಗಾಟವಿಲ್ಲ. ಬಾಗಿಲ ಸಂದಿಯಿಂದ ಒಂದು ವಾಸನೆ. ಅದರ ಬೆನ್ನಿಗೇ ಇಡೀ ಕಟ್ಟಡಕ್ಕೆ ಕೇಳಿಸುವಂತೆ ಒಂದು ಕೂಗು: “ಟೈಲರಜ್ಜ ಹೋಗ್ಬಿಟ್ರು!”

ಎಲ್ಲ ಬಾಗಿಲುಗಳೂ ಒಟ್ಟಿಗೇ ತೆರೆದವು.

ಮೊದಲು ಬಂದವರು ಟೀಚರಮ್ಮ. ಮೆಟ್ಟಿಲು ಹತ್ತುವಾಗಲೇ ಅಳು. “ಅಯ್ಯೋ, ದೇವರಂಥ ಮನುಷ್ಯ! ನನ್ನ ಪರದೆ ಬಟ್ಟೆ ಕತ್ತರಿಸಿಯೂ ಆಗಿತ್ತೋ ಏನೋ!”

ಕಾಂಪೌಂಡರ್ ಬಂದು ಬಾಗಿಲ ಸಂದಿಗೆ ಮೂಗು ಕೊಟ್ಟರು. ಜೀವನವೆಲ್ಲ ಬಾಟಲಿ ಮೂಸಿದ ಮೂಗು. “ನಿನ್ನೆ ರಾತ್ರಿಯದೇ. ಹೃದಯ. ವಾಸನೆಯಲ್ಲೇ ಹೇಳ್ತೀನಿ.”

“ವಾಸನೆಯಲ್ಲಿ ಹೃದಯ ಹೇಗೆ ಗೊತ್ತಾಗುತ್ತೆ ಅಣ್ಣಾ?” ಎಂದಳು ನನ್ನ ಹೆಂಡತಿ.

“ಅನುಭವ ಬೇಕಮ್ಮ, ಅನುಭವ.”

ಕೊನೆಗೆ ಬಂದರು ಓನರಮ್ಮ, ಕಣ್ಣೊರೆಸಿಕೊಳ್ಳುತ್ತ. ಕಣ್ಣು ಒಣಗಿಯೇ ಇತ್ತು, ಆದರೂ ಒರೆಸಿಕೊಳ್ಳುತ್ತ. ಹಿಂದೆಯೇ ಸೋದರಳಿಯ, ಹೆಗಲ ಮೇಲೆ ಸುತ್ತಿದ ಹಾಸಿಗೆ, ಕಂಕುಳಲ್ಲಿ ದಿಂಬು.

“ಏನಪ್ಪಾ ಇದು, ಹಾಸಿಗೆ ಸಮೇತ?” ಎಂದು ಕಾಂಪೌಂಡರ್ ಗದರಿದರು.

“ಅತ್ತೆ ಹೇಳಿದ್ರು, ಮತ್ತೆ ಮತ್ತೆ ಮೆಟ್ಟಿಲು ಯಾಕೆ ಹತ್ತೋದು ಅಂತ.”

“ಪೊಲೀಸರಿಗೆ ಹೇಳಿ ಕಳಿಸಿದ್ದೀನಿ,” ಎಂದರು ಓನರಮ್ಮ. “ಒಂಟಿ ಜೀವ, ಎಲ್ಲ ಕಾನೂನಿನ ಪ್ರಕಾರ ಆಗ್ಬೇಕು. ಅವರು ಕಾಗದ ಬರೆದು ಸಹಿ ಹಾಕಿಸಿಕೊಂಡ ತಕ್ಷಣ ಕೋಣೆ ಖಾಲಿ ಮಾಡಿ ತೊಳೆಸಿಬಿಡ್ತೀನಿ. ಆ ಹೊಲಿಗೆ ಮಿಷನ್ ಕೆಳಗಿಳಿಸೋಕೆ ಇಬ್ಬರು ಬೇಕಾಗ್ತಾರೆ.”

ಆ ಮಿಷನ್ನಿನ ಮುಂದೆ ಆ ಅಜ್ಜ ಬಾಗಿ ಕುಳಿತಿದ್ದನ್ನು ಇಷ್ಟು ವರ್ಷ ನೋಡಿದ್ದೇನೆ. ಸಂಜೆಯೊಳಗೆ ಅದು ಬೀದಿಯಲ್ಲಿ! ಇದೂ ಅಲ್ಲದೆ ಒಳಗೆ ನನ್ನ ಕೋಟು.

ಇನ್ಸ್‌ಪೆಕ್ಟರ್ ಬಂದರು. ಭಾರೀ ಆಳು, ನಾನು ತೂಗುವ ಮೂಟೆಗಳ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ. ಮೇಲೆ ಬರುವಷ್ಟರಲ್ಲಿ ಅವರಿಗೇ ಏದುಸಿರು. ಓನರಮ್ಮ ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದರು. ವಾಸನೆ ಗಪ್ಪೆಂದು ಹೊರಬಂತು. ಇನ್ಸ್‌ಪೆಕ್ಟರ್ ಕರವಸ್ತ್ರ ಮೂಗಿಗೆ ಒತ್ತಿ, ಹೊಸ್ತಿಲ ಈಚೆಯೇ ನಿಂತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ, ಸೊಂಟದಲ್ಲಿ ಪಿಸ್ತೂಲು, ಹೆಣವೆಂದರೆ ಮಾತ್ರ ಆಗದು. ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಬೆನ್ನು ಬಾಗಿಲಿಗೆ ತಿರುಗಿಸಿ ಕುಳಿತರು.

“ಹೂಂ. ಇನ್‌ಕ್ವೆಸ್ಟ್ ಮಾಡ್ಬೇಕು.”

ಎಲ್ಲರೂ ನನ್ನ ಕಡೆ ತಿರುಗಿದರು. ಟೀಚರಮ್ಮ ಅಳು ನಿಲ್ಲಿಸಿ ಕೇಳಿಯೇಬಿಟ್ಟರು: “ನಿಘಂಟು ಅವ್ರೇ, ಇನ್‌ಕ್ವೆಸ್ಟ್ ಅಂದ್ರೆ?”

ನನಗೆ ಕೆಮ್ಮು ಬಂತು. ಒಳ್ಳೆಯ ಕೆಮ್ಮು, ಬೇಗ ನಿಲ್ಲುವಂಥದಲ್ಲ. “ಅದು... ಅದು ತೀರ ಸಣ್ಣ ಪದ. ಅದಕ್ಕೆಲ್ಲ ನಾನು ಬಾಯಿ ಹಾಕೋದಿಲ್ಲ.”

“ಅದೇ ಕಣ್ರೀ, ಪಂಚನಾಮೆ,” ಎಂದರು ಇನ್ಸ್‌ಪೆಕ್ಟರ್. “ಸಾವು ಹೇಗಾಯ್ತು ಅಂತ ಸಾಕ್ಷಿಗಳ ಮುಂದೆ ಮಹಜರು ಬರೆಯೋದು. ಯಾರಾದ್ರೂ ಇಬ್ಬರು ಬಂದು ಸಹಿ ಹಾಕಿ, ನಂಗೆ ಬೇರೆ ಕೆಲಸ ಇದೆ.”

ಪಂಚನಾಮೆ! ಮಹಜರು! ನನ್ನ ಕೆಮ್ಮು ಎಲ್ಲಿ ಹೋಯಿತೋ. ಎರಡು ಮೆಟ್ಟಿಲು ಮೇಲೆ ಹತ್ತಿ ನಿಂತೆ. ಭಾಷಣಕ್ಕೆ ಎತ್ತರ ಬೇಕು.

“ಇಬ್ಬರು ಸಾಲೋದಿಲ್ಲ ಸಾರ್.”

“ಏನಂದ್ರಿ?”

“ಪದ ಏನು ಹೇಳುತ್ತೆ ಕೇಳಿ. ‘ಪಂಚ’ ಅಂದ್ರೆ ಐದು, ಸಂಸ್ಕೃತ. ‘ನಾಮೆ’ ಅಂದ್ರೆ ಪತ್ರ, ಪಾರಸಿ. ಸಂಸ್ಕೃತದ ವರ, ಪಾರಸಿಯ ವಧು, ಅವರ ಕೂಸು ಪಂಚನಾಮೆ. ಐದು ಜನ ಕೂತು ನೋಡಿ ಬರೆಸಿದ ಪತ್ರ! ಇಬ್ಬರೇ ಸಹಿ ಹಾಕಿದ್ರೆ ಅದು ಪಂಚನಾಮೆ ಹೇಗಾಗುತ್ತೆ? ಮೂರು ಕಾಲು ಮುರಿದ ಮೇಜಾಗುತ್ತೆ.”

“ಮೇಜಿಗೆ ನಾಲ್ಕೇ ಕಾಲು,” ಎಂದಳು ಹೆಂಡತಿ ಮೆಲ್ಲಗೆ.

“ಕಾನೂನಿಗೆ ಇಬ್ಬರು ಸಾಕು ಕಣ್ರೀ!” ಇನ್ಸ್‌ಪೆಕ್ಟರ್ ಮುಖ ಕೆಂಪಾಯಿತು.

“ಕಾನೂನಿಗೆ ಸಾಕಿರಬಹುದು ಸಾರ್. ಪದಕ್ಕೆ ಸಾಲದು. ನಾಳೆ ದಿನ ಯಾವನಾದರೂ ವಕೀಲ ಎದ್ದು, ‘ಸ್ವಾಮಿ, ಪಂಚ ಎಲ್ಲಿ, ದ್ವಿ ಎಲ್ಲಿ’ ಅಂದ್ರೆ?”

ವಕೀಲ ಎಂಬ ಮಾತು ಕೇಳಿ ಇನ್ಸ್‌ಪೆಕ್ಟರ್ ಪೆನ್ನು ನಿಂತಿತು. ಅವರಿಗೆ ಹೆಣದಷ್ಟೇ ಭಯ ವಕೀಲರದ್ದೂ ಇತ್ತೆಂದು ಆಮೇಲೆ ತಿಳಿಯಿತು. “ಆಯ್ತು ಮಾರಾಯ್ರೆ, ಐದು ಜನ ಹುಡುಕಿ. ಬೇಗ.”

ನಾನೊಬ್ಬ. ಕಾಂಪೌಂಡರ್ ಎರಡು. ಟೀಚರಮ್ಮ ಮೂರು. ಕೆಳಗೆ ನಲ್ಲಿ ರಿಪೇರಿ ಮಾಡುತ್ತಿದ್ದವನನ್ನು ಸ್ಪ್ಯಾನರ್ ಸಮೇತ ಎಳೆದು ತಂದರು, ನಾಲ್ಕು. ಸೋದರಳಿಯ ದಿಂಬು ಎತ್ತಿ ಹಿಡಿದು, “ನಾನೂ ಬರ್ತೀನಿ” ಎಂದ.

“ಕೋಣೆಗೆ ಬರೋನು ಸಾಕ್ಷಿಗೆ ಬರೋ ಹಾಗಿಲ್ಲ!” ಎಂದೆ.

“ಹಾಗಾದ್ರೆ ನಿಮ್ಮ ಮನೆಯವರು ಬರಲಿ,” ಎಂದರು ಓನರಮ್ಮ, ತಡವಾಗುತ್ತಿರುವ ಸಂಕಟದಲ್ಲಿ.

“ನಾನು ಕೋಟಿಗೆ ಬಂದೋಳು, ಸಾಕ್ಷಿಗಲ್ಲ,” ಎಂದಳು ಹೆಂಡತಿ. “ಇವರು ಹೇಳಿದ್ದಕ್ಕೆಲ್ಲ ಸಹಿ ಹಾಕೋ ಅಭ್ಯಾಸ ನಂಗಿಲ್ಲ.”

ಐದನೆಯವರು ಸಿಕ್ಕಲಿಲ್ಲ. ಓನರಮ್ಮ ಚಡಪಡಿಸಿದರು. ಅಷ್ಟರಲ್ಲಿ ಕೆಳಗಿನಿಂದ ಹೆಜ್ಜೆ ಸಪ್ಪಳ. ಒಬ್ಬ ಹಿರಿಯರು ಕೈಯಲ್ಲಿ ಚೀಲ ಹಿಡಿದು ನಿಧಾನವಾಗಿ ಹತ್ತಿ ಬಂದರು. ನುಣ್ಣಗೆ ಕೆರೆದ ಮುಖ, ಗಲ್ಲ ಹೊಸ ಪಿಂಗಾಣಿ ತಟ್ಟೆಯಂತೆ. ತುಟಿ ಬಿಗಿದು ಮುಚ್ಚಿಕೊಂಡಿದ್ದರು. ಜನ ನೋಡಿ ಬೆಚ್ಚಿ, ಹುಬ್ಬೆತ್ತಿ, ಏನು ಎಂಬಂತೆ ಕೈ ತಿರುಗಿಸಿದರು.

ನಿಜ ಹೇಳುತ್ತೇನೆ, ಅವರನ್ನು ಕಂಡ ಕೂಡಲೇ ನನಗೆ ಅನುಮಾನ ಬಂದಿತ್ತು. ತೋರಿಸಿಕೊಳ್ಳಲಿಲ್ಲ, ಅಷ್ಟೆ.

“ಟೈಲರಜ್ಜ ಹೋಗ್ಬಿಟ್ರು ಹಿರಿಯರೇ,” ಎಂದೆ ಭುಜ ಹಿಡಿದು. “ನೀವು ಅವರ ಗಿರಾಕಿ ಇರಬೇಕು. ಬನ್ನಿ, ಐದನೇ ಸಾಕ್ಷಿ ನೀವೇ.”

ಹಿರಿಯರು ಒಮ್ಮೆ ನನ್ನನ್ನು, ಒಮ್ಮೆ ತೆರೆದ ಬಾಗಿಲನ್ನು, ಒಮ್ಮೆ ಸೋದರಳಿಯನ ಹಾಸಿಗೆಯನ್ನು ನೋಡಿದರು. ಬಾಯಿ ತೆರೆಯಲು ಹೋದವರು ದವಡೆ ಹಿಡಿದುಕೊಂಡು ಮತ್ತೆ ಮುಚ್ಚಿದರು. ಒಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಪಾಪ, ಆಘಾತ,” ಎಂದರು ಕಾಂಪೌಂಡರ್. “ಮಾತೇ ಹೊರಡ್ತಿಲ್ಲ. ಟೈಲರಜ್ಜ ಅಂಥ ಮನುಷ್ಯ. ನನ್ನ ಪ್ಯಾಂಟು ಉದ್ದ ಮಾಡಿದಾಗ ನಾನೇ ಉದ್ದ ಆದಂಗಿತ್ತು.”

“ಎಂದೂ ಎದುರು ಮಾತಾಡಿದೋರಲ್ಲ,” ಎಂದು ಟೀಚರಮ್ಮ ಬಿಕ್ಕಿದರು.

“ಎಷ್ಟು ಸಲ ನಲ್ಲಿ ಕೆಟ್ರೂ ನಂಗೆ ಬೈದಿಲ್ಲ,” ಎಂದ ನಲ್ಲಿಯವನು.

“ಒಳ್ಳೆಯವರೇ,” ಎಂದರು ಓನರಮ್ಮ, “ಆದ್ರೆ ಕೋಣೆ ಗಲೀಜು. ಸುಣ್ಣ ಹೊಡೆಸ್ಬೇಕು.”

ಹಿರಿಯರು ಪ್ರತಿಯೊಂದು ಮಾತಿಗೂ ತಲೆಯಾಡಿಸಿದರು. ಸುಣ್ಣದ ಮಾತಿಗೆ ಮಾತ್ರ ಆಡಿಸಲಿಲ್ಲ.

ಇನ್ಸ್‌ಪೆಕ್ಟರ್ ಮೃತರ ಹೆಸರು, ಚಹರೆ ಓನರಮ್ಮನಿಂದ ಕೇಳಿಕೊಂಡು, ಬೆನ್ನು ತಿರುಗಿಸಿಕೊಂಡೇ ಸರಸರನೆ ಬರೆದರು. ಮಧ್ಯೆ ಒಮ್ಮೆ ಮಾತ್ರ, “ತಲೆ ಕಿಟಕಿ ಕಡೆಗಾ, ಗೋಡೆ ಕಡೆಗಾ?” ಎಂದು ಕೇಳಿದರು. ಆಮೇಲೆ ಎದ್ದು ಓದಿದರು:

“ಸದರಿ ಕೋಣೆಯಲ್ಲಿ ಸದರಿ ಮಂಚದ ಮೇಲೆ, ಸದರಿ ಹೊದಿಕೆಯ ಅಡಿಯಲ್ಲಿ, ಸದರಿ ಮೃತನು ಅಂಗಾತ ಮಲಗಿದ್ದು, ಉದ್ದನೆಯ ಗಡ್ಡವಿದ್ದು, ಹಲ್ಲುಗಳಿಲ್ಲದೆ, ಮುಖದಲ್ಲಿ ಶಾಂತಿ ಇರುತ್ತದೆ. ಪಂಚರಾದ ನಾವು ಮೃತದೇಹವನ್ನು ಹತ್ತಿರದಿಂದ, ಎಲ್ಲ ಮಗ್ಗುಲುಗಳಿಂದ ಪರಿಶೀಲಿಸಿರುತ್ತೇವೆ...”

“ನಿಲ್ಲಿಸಿ ಸಾರ್!”

ಕಟ್ಟಡ ನಡುಗಿತು. ನನ್ನ ಧ್ವನಿ ಅಂಥದು. ನಾಲ್ಕು ಬೀದಿ ಆಚೆ ಒಬ್ಬ ಸೈಕಲ್ಲಿನಿಂದ ಬಿದ್ದನಂತೆ.

“ಮುಖದಲ್ಲಿ ಶಾಂತಿ ಕಂಡೋರು ಯಾರು? ಹೊದಿಕೆ ತೆಗೆದೋರು ಯಾರು? ನಾವ್ಯಾರೂ ಹೊಸ್ತಿಲಾಚೆ ಕಾಲಿಟ್ಟಿಲ್ಲ!”

“ರೀ, ಹಂಗೇ ಬರೆಯೋದು. ಎಲ್ಲ ಕಡೆ ಹಂಗೇ ಬರೆಯೋದು. ದೂರದಿಂದ ನೋಡಿದ್ರೂ ನೋಡಿದ್ದೇ.”

“ಹಾಗಾದ್ರೆ ‘ಮಹಜರು’ ಅಂದ್ರೆ ಏನಂತ ಕೇಳಿ. ಅರಬ್ಬಿ ದೇಶದಲ್ಲಿ ಹುಟ್ಟಿ, ಪಾರಸಿಯವರ ಮನೆಯಲ್ಲಿ ಬೆಳೆದು, ಕಚೇರಿ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬಂದ ಪದ. ಇದೂ ‘ಹಾಜರು’ ಅನ್ನೋದೂ ಒಂದೇ ಬೇರಿನವು. ಟೀಚರಮ್ಮ, ನೀವು ದಿನಾ ಹಾಜರಿ ಕರೀತೀರಲ್ಲ, ಅದೇ! ಮಹಜರು ಅಂದ್ರೆ ಹಾಜರಿದ್ದೋರ ಪತ್ರ. ಕಣ್ಣಾರೆ ಕಂಡೋರ ಪತ್ರ. ಬೆನ್ನು ಹಾಕಿ ಕೂತೋರ ಪತ್ರ ಅಲ್ಲ! ಬರದೇ ಇರೋ ಮಗುವಿಗೆ ನೀವು ಹಾಜರಿ ಹಾಕ್ತೀರಾ ಟೀಚರಮ್ಮ?”

“ನನ್ನ ಕೈ ಕಡಿದ್ರೂ ಹಾಕಲ್ಲ,” ಎಂದು ಟೀಚರಮ್ಮ ಪೆನ್ನು ಕೆಳಗಿಟ್ಟರು.

ಕಾಂಪೌಂಡರೂ ಪೆನ್ನು ಕೆಳಗಿಟ್ಟರು. ನಲ್ಲಿಯವನ ಹತ್ತಿರ ಪೆನ್ನಿರಲಿಲ್ಲ, ಸ್ಪ್ಯಾನರ್ ಕೆಳಗಿಟ್ಟ. ಸಾಕ್ಷಿಗಳ ದಂಗೆಯೇ ಎದ್ದಿತು.

“ಸರಿ!” ಇನ್ಸ್‌ಪೆಕ್ಟರ್ ಕಾಗದ ತೊಡೆಗೆ ಬಡಿದರು. “ಹಾಗಾದ್ರೆ ಮೊದಲು ನೀವೇ ಹೋಗಿ ಹೊದಿಕೆ ತೆಗೀರಿ.”

ಇಲ್ಲಿ ನನ್ನ ಮೊಣಕಾಲು ನಡುಗಿತೆಂದು ಕೆಲವರು ಹೇಳುತ್ತಾರೆ. ಅದು ಉತ್ಸಾಹದ ನಡುಕ. “ಹಿರಿಯರಿದ್ದಾಗ ಕಿರಿಯರು ಮುಂದೆ ಹೋಗೋದು ಸರಿಯಲ್ಲ ಸಾರ್. ಐದನೇ ಸಾಕ್ಷಿಯವರು ಮೊದಲು.”

ಓನರಮ್ಮನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಯಾರಾದ್ರೂ ಒಬ್ಬರು ಸಹಿ ಹಾಕಿ! ಒಬ್ಬರು ಹಾಕಿದ್ರೆ ಉಳಿದೋರು ಹಾಕ್ತಾರೆ. ಹಿರಿಯರೇ, ನೀವಾದ್ರೂ ಹಾಕಿ, ಪುಣ್ಯ ಬರುತ್ತೆ!” ಎಂದು ಪೆನ್ನನ್ನು ಅವರ ಕೈಗೇ ತುರುಕಿದರು.

ಹಿರಿಯರು ಎದ್ದರು. ಕಾಗದ ತೆಗೆದುಕೊಂಡರು. ಇಡೀ ಮಹಜರನ್ನು ತುಟಿ ಅಲುಗಿಸದೆ ಓದಿ, ಕೊನೆಯಲ್ಲಿ ಸಹಿ ಹಾಕಿದರು.

ಇನ್ಸ್‌ಪೆಕ್ಟರ್ ಸಹಿ ನೋಡಿದರು. ಮೇಲೆ ನೋಡಿದರು. ಮತ್ತೆ ಸಹಿ ನೋಡಿದರು.

“ಇದೇನ್ರೀ, ಮೃತರದ್ದೂ ನಿಮ್ಮದೂ ಒಂದೇ ಹೆಸರು?”

ಹಿರಿಯರು ತಲೆಯಾಡಿಸಿದರು.

“ಎಲ್ಲಿರೋದು ನೀವು?”

ಹಿರಿಯರು ಬೆರಳು ಚಾಚಿ ತೆರೆದ ಬಾಗಿಲನ್ನು ತೋರಿಸಿದರು.

“ಉದ್ಯೋಗ?”

ಬೆರಳು ಸ್ವಲ್ಪ ಪಕ್ಕಕ್ಕೆ ಸರಿದು ಹೊಲಿಗೆ ಮಿಷನ್ನನ್ನು ತೋರಿಸಿತು.

ಇನ್ಸ್‌ಪೆಕ್ಟರ್ ಧ್ವನಿ ಸಣ್ಣಗಾಯಿತು. “ಮೃತರಿಗೂ ನಿಮಗೂ... ಏನು ಸಂಬಂಧ?”

ಆಗ ಹಿರಿಯರು ಬಾಯಿ ತೆರೆದರು. ಒಳಗೆ ಎರಡು ಸಾಲು ಹೊಸ ಹಲ್ಲು ಪಳಪಳನೆ ಹೊಳೆದವು. ಮಾತು ಸ್ವಲ್ಪ ಸೀಟಿ ಹೊಡೆದಂತೆ ಬಂತು, ಆದರೆ ಸ್ಪಷ್ಟವಾಗಿತ್ತು.

“ತುಂಬಾ ಹತ್ತಿರದ್ದು ಸಾರ್.”

“ಕೊನೇ ಸಲ ಅವರನ್ನ ನೋಡಿದ್ದು?”

“ಇವತ್ತು ಮಧ್ಯಾಹ್ನ. ಹಲ್ಲಿನ ಡಾಕ್ಟರ ಹತ್ರ, ಕನ್ನಡೀಲಿ.”

ಮೊದಲು ಕೇಳಿಸಿದ್ದು ಸೋದರಳಿಯನ ಹೆಗಲಿನಿಂದ ಹಾಸಿಗೆ ಜಾರಿದ ಸದ್ದು. ಅದು ಬಿಚ್ಚಿಕೊಳ್ಳುತ್ತ ಒಂದೊಂದೇ ಮೆಟ್ಟಿಲು ಇಳಿದು, ತಳದ ಮನೆಯ ಬಾಗಿಲ ಮುಂದೆ ಅಚ್ಚುಕಟ್ಟಾಗಿ ಹಾಸಿಕೊಂಡಿತು. ದಿಂಬು ಹಿಂದೆಯೇ ಹೋಗಿ ತನ್ನ ಜಾಗದಲ್ಲಿ ಕುಳಿತಿತು.

“ಟೈಲರಜ್ಜಾ!” ಟೀಚರಮ್ಮ ಕಿರುಚಿದರು. “ಗಡ್ಡ ಎಲ್ಲಿ?”

“ಹಲ್ಲಿನ ಅಚ್ಚು ತೆಗೆಯುವಾಗ ಗಾರೆಗೆ ಮೆತ್ತಿಕೊಳ್ತಮ್ಮ. ಕತ್ತರಿಸಲೇಬೇಕಾಯ್ತು. ಎರಡು ದಿನ ಅಲ್ಲೇ ಇರಿಸಿಕೊಂಡ್ರು. ದಾರ ಕಚ್ಚೋಕೆ ಹಲ್ಲು ಬೇಕಿತ್ತು ನಂಗೆ. ಸಂಜೆವರೆಗೆ ಬಾಯಿ ತೆರೀಬೇಡಿ ಅಂದಿದ್ರು ಡಾಕ್ಟರು, ಅದಕ್ಕೇ ಸುಮ್ನಿದ್ದೆ.” ಜೊತೆಗೆ ಸೇರಿಸಿದರು: “ಕೇಳೋಕೂ ಚೆನ್ನಾಗಿತ್ತು.”

“ಬದುಕಿದ್ದೀರಾ!” ಓನರಮ್ಮನ ಧ್ವನಿಯಲ್ಲಿ ಸಂತೋಷವೂ ಇತ್ತು, ದೂರೂ ಇತ್ತು; ದೂರು ಒಂದು ಚಮಚ ಜಾಸ್ತಿ. “ಒಂದು ಮಾತು ಹೇಳಿ ಹೋಗಬಾರದಿತ್ತಾ?”

“ಹೇಗಿದ್ದೀರಾ ಅಂತ ದಿನಾ ಕೇಳ್ತೀರಲ್ಲಮ್ಮ. ಚೆನ್ನಾಗಿದ್ದೀನಿ.”

ಇನ್ಸ್‌ಪೆಕ್ಟರ್ ಬೆರಳಿನಿಂದ ಕೋಣೆ ತೋರಿಸಿದರು. “ಹಾಗಾದ್ರೆ ಒಳಗೆ ಮಲಗಿರೋದು ಯಾರು?”

ಟೈಲರಜ್ಜ ಒಳಹೋಗಿ ಕಿಟಕಿ ತೆರೆದು ಹೊದಿಕೆ ಎಳೆದರು. ಮಂಚದ ಮೇಲೆ, ಹೊಲಿದ ಬಟ್ಟೆ ತೊಡಿಸಿ ಅಳತೆ ನೋಡುವ ಅವರ ಬೊಂಬೆ. ಮೈಮೇಲೆ ನನ್ನ ಕೋಟು.

“ಕಾಲು ಮುರಿದಿದೆ, ನಿಲ್ಲಿಸಿದ್ರೆ ಬೀಳುತ್ತೆ. ಸ್ವಾಮಿಯೋರ ಭಾಷಣದ ಕೋಟು, ಧೂಳು ಹತ್ತಬಾರದು ಅಂತ ಮಲಗಿಸಿ ಹೊದಿಸಿ ಹೋದೆ. ಬಾಗಿಲು ಎಳೆದ್ರೆ ಬೀಗ ತಾನೇ ಬೀಳುತ್ತಲ್ಲ.” ಮೂಗರಳಿಸಿ, ಮಿಷನ್ನಿನ ಕೆಳಗಿದ್ದ ಡಬ್ಬಿ ಎತ್ತಿದರು. “ಥೂ, ಕಾಲರಿಗೆ ಮಾಡಿಟ್ಟ ಹಿಟ್ಟಿನ ಅಂಟು. ಹಳಸಿಹೋಗಿದೆ.”

ನನ್ನ ಹೆಂಡತಿ ಕಾಂಪೌಂಡರ್ ಕಡೆ ತಿರುಗಿದಳು. “ಹೃದಯ ಅಂದಿರಲ್ಲ ಅಣ್ಣಾ?”

ಕಾಂಪೌಂಡರ್ ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದರು.

ಆಮೇಲಿನದು ನನ್ನ ದಿಗ್ವಿಜಯ. ಟೈಲರಜ್ಜ ಎಲ್ಲರ ಮುಂದೆ ನನ್ನ ಕೈ ಹಿಡಿದರು. “ಸ್ವಾಮಿ, ಐದು ಜನ ಬೇಕು ಅಂತ ನೀವು ಹಟ ಹಿಡೀದೇ ಇದ್ದಿದ್ರೆ, ಕಣ್ಣಾರೆ ನೋಡ್ಬೇಕು ಅಂತ ಕೂಗದೇ ಇದ್ದಿದ್ರೆ, ನಾನು ಬರೋ ಹೊತ್ತಿಗೆ ನನ್ನ ಮಿಷನ್ ಬೀದೀಲಿ ಇರ್ತಿತ್ತು. ಕಾಗದದ ಮೇಲೆ ಸತ್ತೋನು ನಾನು, ಬದುಕಿದ್ದೀನಿ ಅಂತ ಯಾವ ಕಚೇರಿಗೆ ಅಲೀತಿದ್ದೆ?” ಹೀಗೆ ಹೇಳಿ ಮಿಷನ್ನಿನ ಮುಂದೆ ಕುಳಿತು, ಉಳಿದಿದ್ದ ಬಟನ್ ಹಾಕಿ, ದಾರವನ್ನು ಹೊಸ ಹಲ್ಲಿನಿಂದ ಕಟಕ್ ಎಂದು ಕಚ್ಚಿ ಹರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ಕೂಡ, ಹೊಸ್ತಿಲು ದಾಟಿ ಒಳಗೆ ಬಂದು, ತಟ್ಟಿದರು.

ಸಂಜೆ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಜನ ಕಿಟಕಿಯಲ್ಲಿ, ಜನ ಮರದ ಮೇಲೆ, ಜನ ಜನದ ಮೇಲೆ. ಕಟ್ಟಡದವರೆಲ್ಲ ಮುಂದಿನ ಸಾಲಿನಲ್ಲಿ, ಇನ್ಸ್‌ಪೆಕ್ಟರೂ ಬಂದಿದ್ದರು. ಕೋಟು ಮೈಗೆ ಕಚ್ಚಿ ಕುಳಿತಿತ್ತು. ನಾನು ಎದ್ದು ನಿಂತು, ಈ ಬರಹದ ಮೊದಲ ಸಾಲನ್ನೇ ಹೇಳಿದೆ: “ಸತ್ತ ಮನುಷ್ಯನನ್ನು ನಾನು ಬದುಕಿಸಿದ್ದೇನೆ!” ಪಂಚನಾಮೆ ಹೇಳಿದೆ, ಮಹಜರು ಹೇಳಿದೆ. “ಲೋಕದಲ್ಲಿ ಎಷ್ಟೋ ಮಹಜರು ಆಗಿವೆ, ಮೃತರೇ ಹಾಜರಿದ್ದು ಸಹಿ ಹಾಕಿದ್ದು ಇದೊಂದೇ!” ಎಂದಾಗ ಚಪ್ಪಾಳೆಗೆ ಗೋಡೆಯ ಗಡಿಯಾರ ಕಳಚಿ ಬಿತ್ತು.

“ಪ್ರಶ್ನೆಗಳಿದ್ದರೆ ಕೇಳಬಹುದು,” ಎಂದರು ಕಾರ್ಯದರ್ಶಿ. ಅಲ್ಲಿ ನಾನು ಕೂತುಬಿಡಬೇಕಿತ್ತು.

ಟೈಲರಜ್ಜ ಎದ್ದರು. ಹಲ್ಲು ಹೊಳೆಯಿತು.

“ಸ್ವಾಮಿ, ಒಂದು ಸಣ್ಣ ಅನುಮಾನ. ನಾನು ಹೋಗ್ಬಿಟ್ಟೆ ಅಂತ ಮೊದಲು ಕೂಗಿದ್ದು ಯಾರು?”

“ಮಹಜರಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ,” ಎಂದರು ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆಯುತ್ತ. “ನಂಗೂ ಅದೇ ಬೇಕಿತ್ತು.”

ನನಗೆ ಆ ಒಳ್ಳೆಯ ಕೆಮ್ಮು ಮತ್ತೆ ಬಂತು. “ಮೊದಲು... ‘ಮೊದಲು’ ಅನ್ನೋ ಪದ ಇದೆಯಲ್ಲ, ಅದು...”

“ಆ ಪದ ನಿಮ್ಮ ಪುಸ್ತಕದಲ್ಲಿಲ್ಲ ರೀ,” ಎಂದಳು ಹೆಂಡತಿ, ಇಡೀ ಸಭೆಗೆ ಕೇಳುವಂತೆ.

“ಯಾವ ಪುಸ್ತಕ ಅಮ್ಮ?” ಎಂದರು ಇನ್ಸ್‌ಪೆಕ್ಟರ್.

“ರದ್ದಿ ಅಂಗಡೀಲಿ ಸಿಕ್ಕಿದ ನಿಘಂಟಿನ ಒಂದು ಸಂಪುಟ ಸಾರ್. ‘ಪ’ದಿಂದ ಶುರು. ಕೊನೆ ಹಾಳೆಗಳು ಹರಿದುಹೋಗಿ ‘ಮಹಜರು’ ಅನ್ನೋದೇ ಕಟ್ಟಕಡೆ ಪದ. ಹಿಂದಿನದೂ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ ಇವರಿಗೆ. ‘ಮೌನ’ ಅನ್ನೋದು ಆ ಹರಿದುಹೋದ ಹಾಳೆಯಲ್ಲಿತ್ತು. ಅದಕ್ಕೇ ಮದುವೆ ಆದಾಗಿನಿಂದ ನಾನು ಇವರ ಬಾಯಲ್ಲಿ ಅದನ್ನ ಕಂಡಿಲ್ಲ.”

ಗಡಿಯಾರ ಆಗಲೇ ಬಿದ್ದಿದ್ದರಿಂದ ಈ ನಗೆಗೆ ಬೀಳಲು ಬೇರೇನೂ ಉಳಿದಿರಲಿಲ್ಲ. ಟೀಚರಮ್ಮ ನಕ್ಕು ನಕ್ಕು ಅತ್ತರು. ಕಾಂಪೌಂಡರ್ ಎದ್ದು ನಿಂತು, “ಹಾಗಾದ್ರೆ ‘ಔಷಧ’!” ಎಂದು ಗರ್ಜಿಸಿದರು. ಟೈಲರಜ್ಜ ಮಾತ್ರ ನನ್ನ ಪಕ್ಕಕ್ಕೆ ಬಂದು, ಕೋಟಿನ ಕಾಲರ್ ಸರಿ ಮಾಡಿ, “ಪರವಾಗಿಲ್ಲ ಸ್ವಾಮಿ, ನಂಗೆ ಬೇಕಾದ ಎರಡೂ ಪದ ನಿಮ್ಮ ಪುಸ್ತಕದಲ್ಲೇ ಇತ್ತಲ್ಲ” ಎಂದರು.

ಒಪ್ಪಿಕೊಳ್ಳುತ್ತೇನೆ. ಕೀಲಿಕಿಂಡಿಗೆ ಕಣ್ಣಿಟ್ಟವನು ನಾನು. ಕೂಗಿದವನೂ ನಾನು. ಹಿರಿಯರನ್ನು ಕಂಡ ಕೂಡಲೇ ಅನುಮಾನ ಬಂತೆಂದದ್ದು ಬುರುಡೆ. ನನ್ನ ಮೊಣಕಾಲು ನಡುಗಿದ್ದು ಉತ್ಸಾಹಕ್ಕಲ್ಲ. ಸಭಾಂಗಣದ ಹತ್ತಿರ ಮರವೂ ಇಲ್ಲ. ಆದರೆ ಸತ್ತವರನ್ನು ಬದುಕಿಸಿದೆ ಎಂದೆನಲ್ಲ, ಆ ಮಾತಿನಿಂದ ಮಾತ್ರ ನಾನು ಹಿಂದೆ ಸರಿಯುವುದಿಲ್ಲ. ಬದುಕಿಸಿದ್ದು ನಾನೇ. ಅದಕ್ಕೆ ಮುಂಚೆ ಸಾಯಿಸಿದ್ದೂ ನಾನೇ ಎಂಬ ಸಣ್ಣ ಸಂಗತಿ ಹೇಳುವುದು ಬಿಟ್ಟುಹೋಗಿತ್ತು, ಅಷ್ಟೇ.